ಮಾಸೂರಿನ ನೀಲವ್ವ ಹೇಳಿದ ಸಾಕ್ಷಿ

ಪೋಲೀಸ್ ಕೆಲಸಕ್ಕೆ ಅರ್ಜಿ ಹಾಕಿದ ನಮ್ಮ ಓಣಿಯ ಹುಡುಗರು ಸಂಜೆ ನನ್ನ ಕಟ್ಟೆಯ ಮೇಲೆ ಬಂದು ಕೂತು ಕಲಮುಗಳನ್ನು ಬಾಯಿಪಾಠ ಮಾಡುತ್ತಾರೆ. ಕಳವಿಗೆ ಮುನ್ನೂರಾ ಎಪ್ಪತ್ತೊಂಬತ್ತು, ಖೂನಿಗೆ ಮುನ್ನೂರಾ ಎರಡು. ಯಾವುದಕ್ಕೆ ಜಾಮೀನು ಉಂಟು, ಯಾವುದಕ್ಕೆ ಇಲ್ಲ. ತಪ್ಪಿದಲ್ಲಿ ನಾನು ತಿದ್ದುತ್ತೇನೆ. ಅವರು ಎದ್ದು ಹೋದ ಮೇಲೆ ಮಾತ್ರ ನನಗೆ ಸಮಾಧಾನವಾಗುವುದಿಲ್ಲ. ಕಲಮು ಬಂದರೆ ಕೆಲಸ ಬಂತೆಂದು ಅವರು ತಿಳಿದಿದ್ದಾರೆ. ಸೇರುವಾಗ ನಾನೂ ಹಾಗೇ ತಿಳಿದಿದ್ದೆ. ಅದಕ್ಕೇ ಇದನ್ನು ಬರೆಯಲು ಕೂತೆ. ನಾನು ಯಾವಾಗ ಜಮಾದಾರನಾದೆ, ಯಾವ ಸಾಹೇಬರು ನನ್ನ ಬೆನ್ನು ತಟ್ಟಿದರು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅದರಿಂದ ಯಾರಿಗೂ ಉಪಯೋಗವಿಲ್ಲ.

ನನ್ನ ಹೆಸರು ಫಕ್ಕೀರಪ್ಪ. ಆಗ ನಮ್ಮದು ಮುಂಬಯಿ ಇಲಾಖೆ. ಎರಡನೇ ಮಹಾಯುದ್ಧಕ್ಕೆ ಇನ್ನೂ ಕೆಲವು ವರ್ಷಗಳಿದ್ದಾಗ ಶಿಗ್ಗಾಂವಿಯಲ್ಲಿ ಸಿಪಾಯಿಯಾಗಿ ಸೇರಿದೆ. ಚಡ್ಡಿ, ಕಾಲಿಗೆ ಸುತ್ತುವ ಪಟ್ಟಿ, ಕೈಯಲ್ಲಿ ಲಾಠಿ. ತಲೆಯಲ್ಲಿ ನಾಲ್ಕಾರು ಕಲಮು. ಅಷ್ಟೇ ನನ್ನ ಆಸ್ತಿ.

ಶಿಗ್ಗಾಂವಿಯ ನಮ್ಮ ಜಮಾದಾರನಿಗೆ ತನ್ನ ಕೈಯ ಮೇಲೆ ಬಹಳ ನಂಬಿಕೆ. ಒಬ್ಬ ಬಟ್ಟೆ ವ್ಯಾಪಾರಿಯ ಮನೆಯಲ್ಲಿ ಕನ್ನ ಬಿದ್ದು ಬೋರಮಾಳ ಸರ ಕಳವಾಯಿತು. ಆ ಮನೆಗೆ ಕಟ್ಟಿಗೆ ಒಡೆಯಲು ಬರುತ್ತಿದ್ದ ಹುಚ್ಚಪ್ಪ ಎಂಬ ಕೂಲಿಯವನನ್ನು ಜಮಾದಾರ ಹಿಡಿದು ತಂದ. ಮಧ್ಯಾಹ್ನದ ಹೊತ್ತಿಗೆ ಹುಚ್ಚಪ್ಪ ಕದ್ದದ್ದನ್ನು ಒಪ್ಪಿಕೊಂಡ. ಬಣವೆಯಲ್ಲಿ ಇಟ್ಟಿದ್ದೇನೆ ಎಂದ. ಬಣವೆ ಕೆಡವಿದೆವು, ಸಿಗಲಿಲ್ಲ. ಬಾವಿಯಲ್ಲಿ ಒಗೆದೆ ಎಂದ. ಬಾವಿ ಬಳಿದೆವು, ಕೆಸರು ಬಂತು. ಅಕ್ಕಸಾಲಿಗನಿಗೆ ಕೊಟ್ಟೆ ಎಂದ. ಅಕ್ಕಸಾಲಿಗ ಅವನ ಮುಖವನ್ನೇ ನೋಡಿದವನಲ್ಲ. ಏಟು ನಿಲ್ಲಲಿ ಎಂದು ಅವನು ನಾವು ಕೇಳಿದ್ದಕ್ಕೆಲ್ಲ ಹೂಂ ಎನ್ನುತ್ತಿದ್ದ. ಕಡೆಗೆ ಸರ ಸಿಕ್ಕಿದ್ದು ಬೇರೊಂದು ತಾಲೂಕಿನಲ್ಲಿ, ಬೇರೊಬ್ಬ ಕಳ್ಳನ ಹತ್ತಿರ. ಹುಚ್ಚಪ್ಪನನ್ನು ಬಿಟ್ಟೆವು. ಅವನ ಬಲಗೈಯ ಬೆರಳುಗಳು ಮತ್ತೆ ನೆಟ್ಟಗಾಗಲಿಲ್ಲ. ಪೋಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಗೆ ಕೋರ್ಟಿನಲ್ಲಿ ಬೆಲೆಯಿಲ್ಲ ಎಂಬ ಮಾತು ಸಾಕ್ಷ್ಯದ ಕಾಯಿದೆಯಲ್ಲಿದೆ. ಅವನು ಹೇಳಿದ್ದರಿಂದ ಏನಾದರೂ ವಸ್ತು ಸಿಕ್ಕರೆ ಅಷ್ಟು ಮಾತಿಗೆ ಮಾತ್ರ ಬೆಲೆ. ಯಾಕೆ ಹಾಗಿದೆಯೆಂದು ನಿಮ್ಮನ್ನು ಯಾರಾದರೂ ಕೇಳಿದರೆ ಹುಚ್ಚಪ್ಪನ ಬೆರಳು ನೆನೆಸಿಕೊಳ್ಳಿ.

ಹಾನಗಲ್ಲಿಗೆ ವರ್ಗವಾದಾಗ ಇನ್ನೊಂದು ಪಾಠವಾಯಿತು. ಹತ್ತಿರದ ಹಳ್ಳಿಯಲ್ಲಿ ಒಬ್ಬ ರೈತನ ಬಣವೆಗೆ ಬೆಂಕಿ ಬಿತ್ತು. ಯಾರು ಹಚ್ಚಿದರೆಂದು ಊರಿಗೆ ಊರೇ ಹೇಳಿತು, ಒಂದೇ ಹೆಸರು. "ನೀ ನೋಡಿದ್ದೇನು?" ಎಂದರೆ, "ನಾ ನೋಡಿಲ್ರಿ, ನಮಗ ಬಡಿಗ್ಯಾರಾಂವ ಹೇಳಿದ" ಎಂಬ ಉತ್ತರ. ಬಡಿಗನಿಗೆ ಅಂಗಡಿಯವನು ಹೇಳಿದ್ದ. ಅಂಗಡಿಯವನಿಗೆ ನೀರಿಗೆ ಬಂದ ಹೆಣ್ಣುಮಕ್ಕಳು ಹೇಳಿದ್ದರು. ಆ ಹೆಣ್ಣುಮಕ್ಕಳಿಗೆ ಹೇಳಿದ್ದು ಯಾರೆಂದು ಹುಡುಕುತ್ತ ಹೋದರೆ ಬಣವೆ ಕಳೆದುಕೊಂಡ ರೈತನ ಬಾಗಿಲಿಗೇ ಬಂದು ನಿಂತೆವು. ಅವನಿಗೆ ಆ ಮನುಷ್ಯನ ಮೇಲೆ ಹಳೆಯ ಹಗೆ. ಸಂಶಯದ ಮೇಲೆ ಒಂದು ಮಾತು ಆಡಿದ್ದ, ಅದು ಊರೆಲ್ಲ ಸುತ್ತಿ ಸತ್ಯವಾಗಿ ತಿರುಗಿ ಬಂದಿತ್ತು. ಕಿವಿಯಿಂದ ಕಿವಿಗೆ ಬಂದ ಮಾತು ಸಾಕ್ಷಿಯಲ್ಲ. ಕಣ್ಣಿನಿಂದ ಕಂಡವನು ಬೇಕು.

ಆಮೇಲೆ ಹಿರೇಕೆರೂರಿಗೆ ಬಂದೆ. ಅಲ್ಲಿನ ಫೌಜದಾರರು, ಅಂದರೆ ಈಗ ನೀವು ಸಬ್ ಇನ್ಸ್‌ಪೆಕ್ಟರ್ ಎನ್ನುವ ಹುದ್ದೆಯವರು, ಮುಲ್ಲಾ ಸಾಹೇಬರು. ತೆಳ್ಳಗಿನ ಮನುಷ್ಯ, ಮಾತು ಮೆಲ್ಲಗೆ. ಲಾಠಿಯನ್ನು ಠಾಣೆಯ ಮೂಲೆಯಲ್ಲಿಟ್ಟು ಮರೆತವರು. ನನಗೆ ಕಾಯಿದೆಯನ್ನು ನಿಜವಾಗಿ ಕಲಿಸಿದವರು ಅವರೇ.

ಬಂದ ಹೊಸದರಲ್ಲಿ ಒಂದು ಸಂತೆಯ ದಿನ ಜನ ಒಬ್ಬ ಮುದುಕಿಯನ್ನು ಎಳೆದುಕೊಂಡು ಠಾಣೆಗೆ ಬಂದರು. ಅಬಲೂರಿನವಳು. ಬೇರೊಬ್ಬರ ತಾಮ್ರದ ಕೊಡ ಎತ್ತಿಕೊಂಡು ಹೊರಟಿದ್ದಳಂತೆ. ನಾನು ಕಳವೆಂದು ಬರೆದುಕೊಳ್ಳಲು ಕೂತೆ. ಮುಲ್ಲಾ ಸಾಹೇಬರು ಬಂದು ಮುದುಕಿಯನ್ನು ಕೂಡ್ರಿಸಿ ನೀರು ಕೊಡಿಸಿದರು.

"ಯವ್ವಾ, ನಿನ್ನ ಕೊಡ ಎಲ್ಲೈತಿ?"

"ಇದ ನನ್ನ ಕೊಡ ಅಂತ ತಿಳದಿದ್ನಿ ಯಪ್ಪಾ. ಕಣ್ಣು ಮಂಜಾಗ್ಯಾವು."

ಸಾಹೇಬರು ನನ್ನನ್ನು ಸಂತೆಗೆ ಕಳಿಸಿದರು. ಕೊಡ ಎತ್ತಿದ ಜಾಗದಲ್ಲೇ ಅದರಂಥದೇ ಇನ್ನೊಂದು ಕೊಡ ಯಾರೂ ಮುಟ್ಟದೆ ಕೂತಿತ್ತು. ಮುದುಕಿಯದು. ಎತ್ತಿಕೊಂಡದ್ದಕ್ಕಿಂತ ಇದೇ ಹೊಸದು, ಇದೇ ದಪ್ಪ ತಗಡಿನದು. ಎರಡನ್ನೂ ಮೇಜಿನ ಮೇಲಿಟ್ಟಾಗ ಎಳೆದು ತಂದವರೇ ನಕ್ಕುಬಿಟ್ಟರು. ಸಾಹೇಬರು ನಗಲಿಲ್ಲ. "ಫಕ್ಕೀರಪ್ಪ, ಕೈ ಏನ್ ಮಾಡ್ತು ಅನ್ನೂದು ಅರ್ಧಾ ಗುನ್ಹೆ. ಮನಸಿನಾಗ ಏನಿತ್ತು ಅನ್ನೂದು ಉಳದರ್ಧ. ಎರಡೂ ಕೂಡಿದ ಮ್ಯಾಲ ಕಲಮು ಹುಡುಕು" ಎಂದರು.

ಈ ಮಾತಿನ ಪೂರ್ತಿ ಭಾರ ನನಗೆ ತಿಳಿದದ್ದು ಮಾಸೂರಿನ ಪ್ರಕರಣದಲ್ಲಿ.

ಮಾಸೂರಿನ ಹೊಲಗಳಿಗೆ ಮದಗದ ಕೆರೆಯ ನೀರು. ನೀರು ಬಿಡುವುದು ಪಾಳಿಯ ಮೇಲೆ. ಇವತ್ತು ಇವರ ಗದ್ದೆಗೆ, ನಾಳೆ ಅವರ ಗದ್ದೆಗೆ. ಗುಡ್ಡಪ್ಪ ಮತ್ತು ಕರಬಸಪ್ಪ ಎಂಬಿಬ್ಬರ ಗದ್ದೆಗಳು ಒಂದಕ್ಕೊಂದು ಹತ್ತಿದ್ದವು. ಗುಡ್ಡಪ್ಪನ ತಂಗಿ ನೀಲವ್ವನೇ ಕರಬಸಪ್ಪನ ಹೆಂಡತಿ. ಗುಡ್ಡಪ್ಪ ಮದುವೆಯಾಗದೆ ತಾಯಿ ಗಂಗವ್ವನ ಜೊತೆ ಇದ್ದ. ಎರಡು ಮನೆಯವರೂ ಬಿತ್ತುವಾಗ, ಕೊಯ್ಯುವಾಗ ಒಟ್ಟಿಗೇ ದುಡಿಯುವವರು.

ಒಂದು ಮುಂಜಾನೆ ಊರಿನ ಪೋಲೀಸ್ ಪಾಟೀಲರ ಕಡೆಯ ಆಳು ಓಡಿ ಬಂದ. ಕಾಲುವೆಯ ಹತ್ತಿರ ಗುಡ್ಡಪ್ಪನ ತಲೆ ಒಡೆದಿದೆ, ಚಕ್ಕಡಿಯಲ್ಲಿ ಹಾಕಿ ಹಿರೇಕೆರೂರಿನ ದವಾಖಾನೆಗೆ ತರುತ್ತಿದ್ದಾರೆ, ಕರಬಸಪ್ಪ ಊರು ಬಿಟ್ಟಿದ್ದಾನೆ. ನಾವು ದವಾಖಾನೆಗೆ ಹೋದಾಗ ಗುಡ್ಡಪ್ಪನಿಗೆ ಎಚ್ಚರವಿತ್ತು. ಡಾಕ್ಟರು ಸಾಹೇಬರನ್ನು ಪಕ್ಕಕ್ಕೆ ಕರೆದು, ಇವನು ಉಳಿಯುವ ಹಾಗಿಲ್ಲ ಎಂದರು.

ಸಾಯುವ ಮನುಷ್ಯನ ಹೇಳಿಕೆಗೆ ಕಾಯಿದೆಯಲ್ಲಿ ದೊಡ್ಡ ಸ್ಥಾನವಿದೆ. ಅವನನ್ನು ಕೋರ್ಟಿಗೆ ಕರೆದು ಆಣೆ ಮಾಡಿಸುವಂತಿಲ್ಲ. ಆದರೂ ಪ್ರಾಣ ಬಿಡುವ ಹೊತ್ತಿಗೆ ಯಾರೂ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆಯ ಮೇಲೆ ಅದನ್ನು ಸಾಕ್ಷಿಯಾಗಿ ತೆಗೆದುಕೊಳ್ಳುತ್ತಾರೆ. ಮ್ಯಾಜಿಸ್ಟ್ರೇಟರ ಅಧಿಕಾರವಿದ್ದ ಮಾಮಲೇದಾರರನ್ನು, ಅಂದರೆ ಈಗಿನ ತಹಶೀಲ್ದಾರರನ್ನು, ಕರೆಸಿದೆವು. ರೋಗಿಗೆ ಸ್ಮೃತಿ ಇದೆಯೆಂದು ಡಾಕ್ಟರು ಬರೆದುಕೊಟ್ಟರು. ಮಾಮಲೇದಾರರು ಬಾಗಿ ಕೇಳಿದರು: "ಗುಡ್ಡಪ್ಪ, ನಿನಗ ಯಾರು ಹೊಡದ್ರು?"

ಗುಡ್ಡಪ್ಪ ಬಾಗಿಲ ಕಡೆ ನೋಡಿದ. ಅಲ್ಲಿ ತಾಯಿ ಗಂಗವ್ವ ನಿಂತಿದ್ದಳು; ಅವಳ ಹಿಂದೆ, ಸೆರಗು ಬಾಯಿಗೆ ಒತ್ತಿಕೊಂಡು ನೀಲವ್ವ.

"ಯಾರೂ ಹೊಡೀಲಿಲ್ರಿ" ಎಂದ. "ಒಡ್ಡಿನ ಮ್ಯಾಲಿಂದ ಕಾಲು ಜಾರ್ತು. ಕಲ್ಲಿಗೆ ಬಿದ್ನಿ."

"ಕರಬಸಪ್ಪ ಅಲ್ಲಿದ್ದನೇನು?"

"ಇರಲಿಲ್ರಿ. ಅಂವಾ ಒಳ್ಳ್ಯಾಂವ." ಮತ್ತೆ ಬಾಗಿಲ ಕಡೆ ನೋಡಿ, "ನಮ್ಮ ತಂಗೀನ ಚಲೋತ್ನ್ಯಾಗ ನೋಡ್ಕೊಂಡಾನ" ಎಂದ.

ಮಾಮಲೇದಾರರು ಬರೆದುಕೊಂಡರು. ಗುಡ್ಡಪ್ಪನ ಹೆಬ್ಬೆಟ್ಟು ಒತ್ತಿಸಿದರು. ಮರುದಿನ ಅವನು ತೀರಿಕೊಂಡ.

ಹೆಣ ಕೊಯ್ದು ನೋಡಿದ ಡಾಕ್ಟರು ಬೇರೆಯೇ ಹೇಳಿದರು. ಗಾಯ ನಡುನೆತ್ತಿಯ ಮೇಲಿದೆ, ಒಂದೇ ಏಟು, ಹರಿತ ಅಂಚಿನ ಕಬ್ಬಿಣದ್ದು. ನಿಂತವನು ಜಾರಿ ಬಿದ್ದರೆ ಹಣೆಗೋ ಹಿಂದಲೆಗೋ ಪೆಟ್ಟಾಗುತ್ತದೆ, ನೆತ್ತಿಗೆ ಹೀಗೆ ಆಗುವುದಿಲ್ಲ. ಗದ್ದೆಯಲ್ಲಿ ಬಿದ್ದಿದ್ದ ಸಲಿಕೆಯ ಮೇಲೆ ರಕ್ತವಿತ್ತು. ಅದನ್ನು ಮುಂಬಯಿಗೆ ಪರೀಕ್ಷೆಗೆ ಕಳಿಸಿದೆವು. ಆಗಿನ ಪರೀಕ್ಷೆ ಅದು ಮನುಷ್ಯನ ರಕ್ತವೆಂದು ಹೇಳುತ್ತಿತ್ತು, ಯಾವ ಮನುಷ್ಯನದೆಂದು ಹೇಳುತ್ತಿರಲಿಲ್ಲ. ಈಗ ನಿಮಗಿರುವ ಅನುಕೂಲ ನಮಗಿರಲಿಲ್ಲ.

ಊರಿನವರಿಗೆ ಇದು ಇಲ್ಲಿಗೇ ಮುಗಿದರೆ ಸಾಕಿತ್ತು. ಪಾಟೀಲರೇ ಬಂದು, "ಸಾಹೇಬ್ರ, ಸತ್ತಾಂವ ತಾನ ಬಿದ್ನಿ ಅಂದಾನ. ಆ ಮನಿ ಒಂದು ಹೆಣ ಕಂಡೈತಿ, ಇನ್ನೊಂದು ಬ್ಯಾಡ" ಎಂದು ಕೈ ಮುಗಿದರು. ಮುಲ್ಲಾ ಸಾಹೇಬರಿಗೆ ಅದು ಕೇಳಿಸದೆ ಇರಲಿಲ್ಲ. ಅವರು ಹೇಳಿದ್ದು ಇಷ್ಟೇ: "ಪಾಟೀಲ್ರ, ಸಾಯಾಂವ ತಂಗಿ ಮುಖಾ ನೋಡಿ ಸುಳ್ಳು ಹೇಳ್ಯಾನ. ಡಾಕ್ಟ್ರು ಗಾಯಾ ನೋಡಿ ಖರೇ ಬರದಾರ. ಈ ಎರಡೂ ಕಾಗದ ಹಿಂಗ ಕೋರ್ಟಿಗೆ ಹೋದ್ರ ಕರಬಸಪ್ಪಗ ಗಲ್ಲು. ಮರೆಯಾಗ ನಿಂತು ಹೊಡದು ಓಡಿದಾ ಅಂತಾರ. ಅಲ್ಲಿ ಏನ್ ಆತು ಅನ್ನೂದು ನನಗ ಬೇಕು."

ಗದ್ದೆಯ ಪಂಚನಾಮೆಗೆ ಹೋದೆವು. ಪಂಚನಾಮೆ ಎಂದರೆ ಊರಿನ ಸಂಭಾವಿತರನ್ನು ಎದುರಿಗಿಟ್ಟುಕೊಂಡು ಸ್ಥಳದಲ್ಲಿ ಏನೇನಿದೆಯೋ ಅದನ್ನು ಹಾಗೇ ಬರೆಯುವುದು. ನೀಲವ್ವನನ್ನೂ ಕರೆಸಿದ್ದರು. ಅಂದು ಅವಳು ಬುತ್ತಿ ತಂದಿದ್ದಳೆಂದು ದಾರಿಯಲ್ಲಿ ಕಂಡವರು ಹೇಳಿದ್ದರು. ಯಾರು ಹೊಡೆದರೆಂದು ಸಾಹೇಬರು ಕೇಳಲೇ ಇಲ್ಲ.

"ತಂಗೀ, ಬುತ್ತಿ ಎಲ್ಲಿಟ್ಟಿದ್ದಿ?"

ಅವಳು ಒಡ್ಡಿನ ಮೇಲಿನ ಜಾಲಿ ಗಿಡ ತೋರಿಸಿದಳು. ಅಲ್ಲಿಂದ ಕಾಲುವೆಯ ಬಾಯಿ ಚೆನ್ನಾಗಿ ಕಾಣುತ್ತಿತ್ತು. ಸಾಹೇಬರು ಆ ಗಿಡದ ಕೆಳಗೆ ನಿಂತು ಸ್ವಲ್ಪ ಹೊತ್ತು ನೋಡಿದರು. ಮುಂದೆ ಏನೂ ಕೇಳಲಿಲ್ಲ. ನೀಲವ್ವ ನೆಲ ನೋಡುತ್ತ ನಿಂತಳು.

ನನ್ನನ್ನು ಕಾಲುವೆಗೆ ಇಳಿಸಿದರು. ನೀರು ಕಟ್ಟಿಸಿ, ಕೆಸರಿನಲ್ಲಿ ಕಾಲಾಡಿಸುತ್ತ ಹೋದೆ. ಕಾಲಿಗೆ ಕಬ್ಬಿಣ ತಾಗಿತು. ಎತ್ತಿದರೆ ಒಂದು ಕುಡಗೋಲು, ಹಿಡಿಗೆ ಕೆಂಪು ದಾರ ಸುತ್ತಿದ್ದು. ಮಗನನ್ನು ಮಣ್ಣು ಮಾಡಿ ಬಂದು ಒಡ್ಡಿನ ಮೇಲೆ ಕೂತಿದ್ದ ಗಂಗವ್ವ ಅದನ್ನು ನೋಡಿದ್ದೇ, "ನಮ್ಮ ಗುಡ್ಡಂದದು. ಆ ದಾರಾ ನಾನ ಸುತ್ತಿಕೊಟ್ಟಿದ್ನಿ" ಎಂದು ಅದನ್ನು ಎದೆಗವಚಿಕೊಂಡಳು. ಸೊಂಟದಲ್ಲಿ ಸಿಗಿಸಿಕೊಳ್ಳುವ ಕುಡಗೋಲು ಕಾಲುವೆಯ ತಳಕ್ಕೆ ಯಾಕೆ ಹೋಯಿತು? ಸಾಹೇಬರು ನನ್ನ ಮುಖ ನೋಡಿದರು. ನೀಲವ್ವ ತಿರುಗಿ ಊರ ಕಡೆ ನಡೆದುಬಿಟ್ಟಳು.

ಅಷ್ಟರಲ್ಲಿ ಕರಬಸಪ್ಪ ಸವಣೂರು ಸೀಮೆಯಲ್ಲಿ ಬಂಧುಗಳ ಮನೆಯಲ್ಲಿದ್ದಾನೆಂದು ಸುದ್ದಿ ಬಂತು. ಆಗ ಸವಣೂರು ನವಾಬರ ಸಂಸ್ಥಾನ. ಅದರ ಗಡಿ ದಾಟಿದರೆ ನಮ್ಮ ಅಧಿಕಾರ ನಡೆಯುತ್ತಿರಲಿಲ್ಲ. ಆರೋಪಿಯನ್ನು ಕೊಡಿ ಎಂದು ಕೇಳಿ, ಮೇಲಿನಿಂದ ಅಪ್ಪಣೆ ಬರುವವರೆಗೆ ಕಾಯಬೇಕು. ಕಾಗದ ಕೊಡಲು ನನ್ನನ್ನು ಕಳಿಸಿದರು. ಅಲ್ಲಿನ ಕಚೇರಿಯಲ್ಲಿ ಅದನ್ನು ಕೊಟ್ಟು, ಹೊರಗೆ ಬೇವಿನ ಗಿಡದ ಕೆಳಗೆ ಕೂತಿದ್ದೆ. ಒಬ್ಬ ಎತ್ತರದ ಮನುಷ್ಯ ಬಂದು ಎದುರಿಗೆ ಕುಕ್ಕರುಗಾಲಿನಲ್ಲಿ ಕೂತ. ಎಡಗೈಗೆ ಬಟ್ಟೆ ಕಟ್ಟಿದ್ದ.

"ಹಿರೇಕೆರೂರಿಂದ ಬಂದೀರೇನ್ರಿ?"

"ಹೌದು."

"ಮಾಸೂರಿನ ಗುಡ್ಡಪ್ಪ ಹೋದಾ ಅಂತಾರ. ಖರೇ ಏನ್ರಿ?"

ಖರೆ ಎಂದೆ. ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅತ್ತದ್ದು ಕೇಳಿಸಲಿಲ್ಲ, ಹೆಗಲು ಮಾತ್ರ ಅಲುಗುತ್ತಿತ್ತು. ಆಮೇಲೆ, "ನಾನ ಕರಬಸಪ್ಪ. ನಡೀರಿ ಹೋಗೂಣು" ಎಂದ.

ಆ ನೆಲದಲ್ಲಿ ಅವನನ್ನು ಹಿಡಿಯುವ ಅಧಿಕಾರ ನನಗಿಲ್ಲ ಎಂದು ಹೇಳಿದೆ. "ಹಿಡೀಬ್ಯಾಡ್ರಿ. ನಾ ಬರ್ತೇನಿ" ಎಂದ. ಇಬ್ಬರೂ ಒಂದೇ ದಾರಿಯಲ್ಲಿ, ಇಬ್ಬರು ದಾರಿಹೋಕರ ಹಾಗೆ ನಡೆದೆವು. ಸಂಸ್ಥಾನದ ಗಡಿಯ ಕಲ್ಲು ಬಂದಾಗ ಅವನು ನಿಂತ. ಕಲ್ಲು ದಾಟಿ ಈ ಕಡೆ ಬಂದು ಎರಡೂ ಕೈ ಮುಂದೆ ಚಾಚಿ, "ಇಲ್ಲಿ ಏನ್ರಿ?" ಎಂದು ಕೇಳಿದ. ನನ್ನ ಇಷ್ಟು ವರ್ಷಗಳ ನೌಕರಿಯಲ್ಲಿ ಯಾರನ್ನೂ ಅಷ್ಟು ಸಂಕಟಪಟ್ಟುಕೊಂಡು ನಾನು ಕೈದು ಮಾಡಿಲ್ಲ.

ಠಾಣೆಗೆ ಬಂದದ್ದೇ ಅವನು ಸಾಹೇಬರ ಮುಂದೆ ನಿಂತು, "ನಾನ ಹೊಡದ್ನ್ರಿ. ಸಿಟ್ಟು ಬಂತು, ಹೊಡದ್ನಿ" ಎಂದ.

"ಗುಡ್ಡಪ್ಪ ಏನ್ ಮಾಡಿದ?"

"ಏನೂ ಮಾಡ್ಲಿಲ್ರಿ."

"ಕೈಗೆ ಏನಾಗೇತಿ?"

"ಬೇಲಿ ಮುಳ್ಳು ತರಚೇತ್ರಿ."

ಸಾಹೇಬರು ಡಾಕ್ಟರನ್ನು ಕರೆಸಿ ಬಟ್ಟೆ ಬಿಚ್ಚಿಸಿದರು. ಮೊಣಕೈಯ ಕೆಳಗೆ ಉದ್ದಕ್ಕೆ ಸೀಳಿದ ಗಾಯ. ಮುಳ್ಳಿನದಲ್ಲ, ಬಾಗಿದ ಅಲಗಿನದು ಎಂದು ಡಾಕ್ಟರು ಹೇಳಿದರು. ಕರಬಸಪ್ಪ ಕೈ ಹಿಂದಕ್ಕೆ ಎಳೆದುಕೊಂಡ. ಮ್ಯಾಜಿಸ್ಟ್ರೇಟರ ಮುಂದೆ ಎಲ್ಲ ಒಪ್ಪಿಕೊಳ್ಳುತ್ತೇನೆ, ಕರೆದುಕೊಂಡು ಹೋಗಿ ಎಂದು ಮಾತ್ರ ಹಟ ಹಿಡಿದ. ಪೋಲೀಸರ ಮುಂದಿನ ಒಪ್ಪಿಗೆಯಂತೆ ಇದು ಗಾಳಿಗೆ ಹೋಗುವ ಮಾತಲ್ಲ. ಮ್ಯಾಜಿಸ್ಟ್ರೇಟರ ಮುಂದೆ ತಾನಾಗಿ ಒಪ್ಪಿದರೆ ಅದು ಗಟ್ಟಿ ಸಾಕ್ಷಿ. ಅದಕ್ಕೇ ಮಾಮಲೇದಾರರು, ಇದರಿಂದ ನಿನಗೇ ಶಿಕ್ಷೆಯಾಗಬಹುದು, ಯೋಚನೆ ಮಾಡು ಎಂದು ತಿಳಿಹೇಳಿ ಅವನಿಗೆ ಸಮಯ ಕೊಟ್ಟರು.

ಆ ಬಿಡುವಿನಲ್ಲಿ ನೀಲವ್ವ ಬಂದಳು. ಸಾಹೇಬರು ಲಾಕಪ್ಪಿನ ಸರಳಿನ ಹತ್ತಿರ ಅವಳನ್ನು ಬಿಟ್ಟರು. ಕಾವಲಿಗಿದ್ದವನು ನಾನು.

"ಏನ್ ಹೇಳಾಕತ್ತೀರಿ ನೀವು?" ಎಂದು ಅವಳು ಕೇಳಿದಳು.

ಕರಬಸಪ್ಪ ಅವಳನ್ನು ನೋಡಲಿಲ್ಲ. "ಸತ್ತಾನ. ಇನ್ನ ಅವನ ಹೆಸರಿಗೆ ಯಾಕ ಮಸಿ ಬಳೀಬೇಕು. ನಿಮ್ಮವ್ವ ಬದುಕಬೇಕಲ್ಲ."

"ಅಂವಾ ನಿಮ್ಮನ್ನ ಉಳಸಾಕ ಸುಳ್ಳು ಹೇಳಿ ಹೋದ. ನೀವು ಅವನ ಹೆಸರು ಉಳಸಾಕ ಸುಳ್ಳು ಹೇಳಿ ಹೋಗ್ತೀರಿ. ಇಬ್ಬರೂ ದೊಡ್ಡವರಾದ್ರಿ." ಅವಳು ಸರಳು ಹಿಡಿದಳು. "ನೋಡಿದಾಕಿ ನಾನು. ನಾ ಈ ಕಣ್ಣು ಎಲ್ಲಿಟ್ಕೊಂಡು ಬದುಕ್ಲಿ, ಹೇಳ್ರಿ."

ಅವನು ಸರಳಿಗೆ ಹಣೆ ಹಚ್ಚಿದ. "ನೀ ಏನ್ ನೋಡಿಯೋ ಅದನ್ನ ಹೇಳು" ಎಂದ. ಮಾಮಲೇದಾರರ ಮುಂದೆ ಹೋದಾಗ, ಹೇಳುವುದೇನೂ ಇಲ್ಲ ಎಂದು ತಿರುಗಿ ಬಂದ.

ಒಂದು ಮಾತು ತಿಳಿದಿರಲಿ. ಗಂಡ ಹೆಂಡತಿಗೆ ಗುಟ್ಟಾಗಿ ಹೇಳಿದ್ದನ್ನು ಕೋರ್ಟಿನಲ್ಲಿ ಹೇಳಿಸುವಂತಿಲ್ಲ. ಕಾಯಿದೆ ಆ ಮಾತನ್ನು ಕಾಯುತ್ತದೆ. ಆದರೆ ಅವಳು ಕಣ್ಣಿಂದ ಕಂಡದ್ದಕ್ಕೆ ಆ ತಡೆಯಿಲ್ಲ. ನೀಲವ್ವ ಸಾಹೇಬರ ಮುಂದೆ ಕೂತು ಕಂಡದ್ದನ್ನು ಹೇಳಿದಳು. ಅಂದು ನೀರಿನ ಪಾಳಿ ತನ್ನ ಗಂಡನದು. ಸಸಿ ಒಣಗುತ್ತಿದೆಯೆಂದು ಅಣ್ಣ ಕಾಲುವೆಗೆ ಮಣ್ಣು ಕಟ್ಟಿ ತನ್ನ ಗದ್ದೆಗೆ ನೀರು ತಿರುಗಿಸಿದ್ದ. ಗಂಡ ಬರಿಗೈಯಲ್ಲಿ ಆ ಮಣ್ಣು ತೆಗೆಯಲು ಬಗ್ಗಿದಾಗ ಅಣ್ಣ ಸಲಿಕೆ ಎತ್ತಿದ. ಗಂಡ ಅದನ್ನು ಕಸಿದುಕೊಂಡ. ಅಣ್ಣ ಸೊಂಟದ ಕುಡಗೋಲು ತೆಗೆದು ಬೀಸಿದ, ಗಂಡನ ಕೈ ಸೀಳಿತು. ಆಗ ಗಂಡ ಸಲಿಕೆಯಿಂದ ಒಂದೇ ಏಟು ಹೊಡೆದ.

ಸಾಹೇಬರು ಕೇಳಿದರು: "ಏಟು ಬೀಳೂ ಮುಂದ ಕುಡಗೋಲು ಗುಡ್ಡಪ್ಪನ ಕೈಯಾಗಿತ್ತೇನು?"

ನೀಲವ್ವ ಅದಕ್ಕೂ ಉತ್ತರ ಕೊಟ್ಟಳು. ಅವಳು ಹೇಳಿದ್ದನ್ನು ನಾನೇ ಬರೆದುಕೊಂಡೆ. ಆದರೆ ಪೋಲೀಸರು ಬರೆದುಕೊಂಡ ಹೇಳಿಕೆ ಕೋರ್ಟಿನಲ್ಲಿ ಸಾಕ್ಷಿಯಾಗುವುದಿಲ್ಲ. ಕಟಕಟೆಯಲ್ಲಿ ನಿಂತು ಅವಳು ಏನು ಹೇಳುತ್ತಾಳೋ ಅದೇ ಸಾಕ್ಷಿ.

ಹಾವೇರಿಯಿಂದ ಬಂದ ನಮ್ಮ ಮೇಲಿನ ಸಾಹೇಬರೊಬ್ಬರಿಗೆ ಇದು ಹಿಡಿಸಲಿಲ್ಲ. ಖೂನಿಯ ಕೇಸು ಚೆನ್ನಾಗಿ ಕೂತಿದೆ, ಆರೋಪಿ ಓಡಿಹೋಗಿದ್ದ, ಡಾಕ್ಟರ ಮಾತಿದೆ, ಹೆಂಡತಿಯನ್ನು ಕರೆದು ಯಾಕೆ ಕೆಡಿಸಿಕೊಳ್ಳುತ್ತೀರಿ ಎಂದರು. ಮುಲ್ಲಾ ಸಾಹೇಬರು ಎದ್ದು ನಿಂತೇ ಮಾತಾಡಿದರು. "ಸಾಹೇಬ್ರ, ನೋಡಿದಾಕಿ ಒಬ್ಬಾಕೀನ. ಅಕಿನ್ನ ಬಚ್ಚಿಟ್ಟು ಒಬ್ಬನ್ನ ಗಲ್ಲಿಗೆ ಕಳಸಾಕ ನನಗ ಬರೂದಿಲ್ರಿ." ಸಾಕ್ಷಿಗಳಲ್ಲಿ ನೀಲವ್ವನ ಹೆಸರು ಉಳಿಯಿತು.

ಕುಡಗೋಲಿನ ಮಾತು ಊರಿಗೆ ಗೊತ್ತಾದ ದಿನದಿಂದ ಗಂಗವ್ವ ಮಗಳ ಮನೆ ತುಳಿಯಲಿಲ್ಲ. "ಸತ್ತ ಮಗನ್ನ ಕಳ್ಳನ್ನ ಮಾಡಿದ್ಲು, ಕೊಲೆಗಾರನ್ನ ಮಾಡಿದ್ಲು, ಗಂಡನ ಸಲುವಾಗಿ" ಎಂದು ಬಾವಿಯ ಹತ್ತಿರ ನಿಂತು ಎಲ್ಲರಿಗೂ ಕೇಳುವಂತೆ ಅತ್ತಳಂತೆ. ಧಾರವಾಡದ ಸೆಶನ್ಸ್ ಕೋರ್ಟಿಗೆ ಸಾಕ್ಷಿದಾರರನ್ನು ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಕುಡಗೋಲು ಗುರುತಿಸಲು ಗಂಗವ್ವನೂ ಸಾಕ್ಷಿ. ಹಾವೇರಿಯಲ್ಲಿ ರೈಲು ಹತ್ತಿದಾಗ ತಾಯಿ ಒಂದು ಮೂಲೆಗೆ, ಮಗಳು ಇನ್ನೊಂದು ಮೂಲೆಗೆ ಕೂತರು. ನಡುವೆ ನಾನು.

ಕೋರ್ಟಿನ ಪಡಸಾಲೆಯಲ್ಲಿ ಯಾರೋ ನೀಲವ್ವನ ಕಿವಿಯಲ್ಲಿ ಹೇಳಿಹೋದರು: ಕುಡಗೋಲು ಅಣ್ಣನ ಕೈಯಲ್ಲೇ ಇತ್ತು ಅನ್ನು, ಗಂಡ ಬಿಡುಗಡೆಯಾಗಿ ನಿನ್ನ ಜೊತೆಗೇ ಊರಿಗೆ ಬರುತ್ತಾನೆ. ಜೀವಕ್ಕೆ ಅಪಾಯ ಬಂದಾಗ ಹೊಡೆದರೆ ಅದು ಗುನ್ಹೆಯಲ್ಲ ಎಂಬ ಕಲಮು ಇರುವುದು ನಿಜ. ನಾನು ಕೇಳಿಸಿಕೊಂಡೆ. ಮುಲ್ಲಾ ಸಾಹೇಬರೂ ಕೇಳಿಸಿಕೊಂಡರು. ಅವರು ಅವಳಿಗೆ ಏನೂ ಹೇಳಲಿಲ್ಲ. ಸಾಕ್ಷಿಗೆ ಪಾಠ ಹೇಳುವುದು ನಮ್ಮ ಕೆಲಸವಲ್ಲ.

ಕಟಕಟೆಯಲ್ಲಿ ನಿಂತು ನೀಲವ್ವ ಮೊದಲಿನಿಂದ ಎಲ್ಲ ಹೇಳಿದಳು. ಅಣ್ಣ ಸಲಿಕೆ ಎತ್ತಿದ ಎನ್ನುವಾಗ ತಾಯಿಯ ಕಡೆ ನೋಡಲಿಲ್ಲ. ಸರ್ಕಾರಿ ವಕೀಲರು ಎದ್ದು, ತಮ್ಮದೇ ಸಾಕ್ಷಿಯನ್ನು ಅಡ್ಡಸವಾಲು ಮಾಡಲು ನ್ಯಾಯಾಧೀಶರ ಅಪ್ಪಣೆ ಪಡೆದರು.

"ನಿನ್ನ ಗಂಡನನ್ನು ಉಳಿಸಲು ಸತ್ತ ಅಣ್ಣನ ಮೇಲೆ ಸುಳ್ಳು ಹೇಳುತ್ತಿದ್ದೀಯಲ್ಲವೇ?"

"ಸುಳ್ಳು ಹೇಳೂದಾಗಿದ್ರ ಅಣ್ಣ ಜಾರಿ ಬಿದ್ದಾ ಅಂತಿದ್ನ್ರಿ. ಅವನ ಹಂಗ ಹೇಳಿ ಹೋಗ್ಯಾನ. ನಾ ಹೊಸಾದು ಕಟ್ಟಬೇಕಾಗಿರಲಿಲ್ಲ."

"ಹಾಗಾದರೆ ಹೇಳು. ನಿನ್ನ ಗಂಡ ಸಲಿಕೆ ಬೀಸಿದಾಗ ಕುಡಗೋಲು ನಿನ್ನ ಅಣ್ಣನ ಕೈಯಲ್ಲಿತ್ತೇ?"

ನೀಲವ್ವ ಮೊದಲ ಸಲ ಗಂಡನ ಕಡೆ ತಿರುಗಿದಳು. ಕರಬಸಪ್ಪ ಅವಳನ್ನೇ ನೋಡುತ್ತಿದ್ದ. ಇತ್ತು ಎಂದುಬಿಡು ತಾಯಿ ಎಂದು ನನ್ನ ಮನಸ್ಸೇ ಹೇಳುತ್ತಿತ್ತು.

"ಇರಲಿಲ್ರಿ" ಎಂದಳು. "ಬೀಸಿದ ಜೋರಿಗೆ ಕೈ ಜಾರಿ ನೀರಾಗ ಬಿದ್ದಿತ್ತು. ಅಣ್ಣ ಅದನ್ನ ತಗೊಳ್ಳಾಕ ಬಗ್ಗಿದ್ದ. ಆವಾಗ ಇವರು ಹೊಡದ್ರು."

ಆ ಒಂದು ಮಾತಿನಿಂದ ಬಿಡುಗಡೆ ಹೋಯಿತು. ಆ ಒಂದು ಮಾತಿನಿಂದಲೇ ನ್ಯಾಯಾಧೀಶರು ಉಳಿದ ಅವಳ ಮಾತನ್ನೆಲ್ಲ ನಂಬಿದರು. ಗಂಡನಿಗೆ ಕೇಡಾಗುವುದನ್ನೂ ಮುಚ್ಚದ ಹೆಂಗಸು ಅಣ್ಣನ ವಿಷಯದಲ್ಲಿ ಸುಳ್ಳು ಹೇಳಲಾರಳು ಎಂದರು. ಕರಬಸಪ್ಪನಿಗೆ ತನ್ನನ್ನು ಕಾಪಾಡಿಕೊಳ್ಳುವ ಹಕ್ಕಿತ್ತು. ಆದರೆ ಎದುರಿನವನ ಕೈ ಬರಿದಾದ ಮೇಲೆ ಹೊಡೆದು ಆ ಹಕ್ಕಿನ ಮೇರೆ ಮೀರಿದ್ದಾನೆ. ಆದ್ದರಿಂದ ಇದು ಖೂನಿಯಲ್ಲ, ಅದಕ್ಕಿಂತ ಕಡಿಮೆಯ ಮನುಷ್ಯವಧೆ. ಗಲ್ಲೂ ಇಲ್ಲ, ಅಂಡಮಾನಿನ ಕರೀ ನೀರೂ ಇಲ್ಲ. ಕೆಲವು ವರ್ಷಗಳ ಸಜೆ. ಮುನ್ನೂರಾ ಎರಡು ಮತ್ತು ಮುನ್ನೂರಾ ನಾಲ್ಕರ ನಡುವಿನ ಅಂತರವನ್ನು ನೀವು ಪುಸ್ತಕದಲ್ಲಿ ಓದುತ್ತೀರಿ. ನಾನು ಅದನ್ನು ಒಬ್ಬ ಹೆಣ್ಣುಮಗಳ ಬಾಯಲ್ಲಿ ಕೇಳಿದೆ.

ಕರಬಸಪ್ಪನನ್ನು ಕರೆದೊಯ್ಯುವಾಗ ಅವನು ನೀಲವ್ವನ ಮುಂದೆ ನಿಂತು, "ಚಲೋ ಮಾಡಿದಿ. ನನಗೂ ಅಂವಾ ಬಗ್ಗಿದ್ದು ಕಣ್ಣಾಗಿಂದ ಹೋಗಿರಲಿಲ್ಲ" ಎಂದ. ಅಷ್ಟೇ ಮಾತು.

ತಿರುಗಿ ಬರುವಾಗಲೂ ತಾಯಿ ಮಗಳು ರೈಲಿನಲ್ಲಿ ದೂರ ದೂರವೇ ಕೂತರು. ಕುಂದಗೋಳ ದಾಟಿದ ಮೇಲೆ ಗಂಗವ್ವ ಎದ್ದಳು. ಕಿಟಕಿಯ ಹತ್ತಿರ ಬರಬಹುದೆಂದು ನಾನು ಜಾಗ ಮಾಡಿದೆ. ಅವಳು ನನ್ನನ್ನು ದಾಟಿ ಹೋಗಿ ಮಗಳ ಎದುರಿಗೆ ಕೂತಳು.

"ನೀಲಾ, ಅಂವಾ ಸಲಿಕಿ ಎತ್ತಿದಾಗ ನೀ ಕೂಗಿದ್ದೇನ?"

"ಕೂಗಿದ್ನೆವ್ವಾ. ಅಣ್ಣಾ ಬ್ಯಾಡ ಅಂತ ಕೂಗಿದ್ನಿ."

"ಕೇಳಿಸ್ಲಿಲ್ಲೇನ ಅವಗ?"

"ಕೇಳಿಸ್ತವ್ವಾ. ಒಮ್ಮೆ ನನ್ನ ಕಡೆ ನೋಡಿದ."

ಗಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಸಣ್ಣಾಂವಿದ್ದಾಗಿಂದ ಹಂಗ" ಎಂದಳು. "ಸಿಟ್ಟು ಬಂದ್ರ ನನ್ನ ಮಾತೂ ಕೇಳ್ತಿರಲಿಲ್ಲ. ಆಮ್ಯಾಲ ಬಂದು ಮಡಿಲಾಗ ಮಲಗಿ ಅಳ್ತಿದ್ದ."

ನೀಲವ್ವ ಆ ದಿನಗಳಲ್ಲೆಲ್ಲ ಅತ್ತದ್ದನ್ನು ನಾನು ನೋಡಿರಲಿಲ್ಲ. ಆಗ ಅತ್ತಳು. ತಾಯಿ ಅವಳ ತಲೆಯನ್ನು ಎಳೆದು ತನ್ನ ಮಡಿಲಿಗೆ ಹಾಕಿಕೊಂಡಳು. ಹಾವೇರಿ ಬರುವವರೆಗೂ ಹಾಗೇ ಕೂತಿದ್ದಳು. ಗಾಡಿ ನಿಂತಾಗ ಮಗಳ ಬೆನ್ನು ತಟ್ಟಿ ಎಬ್ಬಿಸಿ, ಗಂಟು ತಾನೇ ಎತ್ತಿಕೊಂಡು ಹೇಳಿದಳು:

"ಏಳವ್ವಾ. ನಾಳೆ ನಿಮ್ಮ ಪಾಳಿ ಐತಿ. ನೀರು ಕಟ್ಟಾಕ ನಾ ಬರ್ತೇನಿ."